ಬಿಸಿಲು ಕಂಡ ಸೆಲ್ಲು

ಮದ್ರಾಸಿನ ವೆಸ್ಟ್ ಮಾಂಬಲಂನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇಳಿದುಕೊಂಡಿದ್ದೇನೆ. ಬೆಳಿಗ್ಗೆ ಬೆಟ್ಟ ಹತ್ತಲು ಹೊರಡಬೇಕು. ಸಂಜೆ ಕರೆಂಟು ಹೋಯಿತು. ಬೆಟ್ಟಕ್ಕೆಂದು ತಂದ ಟಾರ್ಚು ಮಿಣಮಿಣ ಅಂದು ಆರಿತು. ಇರಲಿ, ಹೊಸ ಸೆಲ್ಲು ಚೀಲದಲ್ಲಿದೆಯಲ್ಲ ಎಂದು ತಡಕಿ ತೆಗೆದು ಹಾಕಿದೆ. ಆದರೂ ಟಾರ್ಚು ಉರಿಯಲಿಲ್ಲ.

"ನಿನ್ನ ಹೊಸದನ್ನ ಗೋಡೆ ಗಡಿಯಾರಕ್ಕೆ ಹಾಕಿದೀನಿ ಕಣೋ," ಅಂದರು ಚಿಕ್ಕಮ್ಮ. "ನಿಂತ ಗಡಿಯಾರ ಮನೇಲಿ ಇರಬಾರದು. ಅದರ ಹಳೇದನ್ನ ನಿನ್ನ ಚೀಲದಲ್ಲಿಟ್ಟೆ."

"ಸತ್ತ ಸೆಲ್ಲು ನನಗ್ಯಾಕೆ?"

"ಟೆರೇಸಲ್ಲಿ ಬಿಸಿಲಿಗಿಟ್ಟಿದ್ದೆ. ಮದ್ರಾಸ್ ಬಿಸಿಲಿಗೆ ಎಂಥ ಸೆಲ್ಲಿಗೂ ಜೀವ ಬರತ್ತೆ."

"ಹಾಗಾದ್ರೆ ಅದನ್ನೇ ಗಡಿಯಾರಕ್ಕೆ ಹಾಕಬಹುದಿತ್ತಲ್ಲ!"

"ಹಾಕ್ದೆ. ಓಡ್ಲಿಲ್ಲ."

ಕತ್ತಲಲ್ಲಿ ನನ್ನ ಸೆಲ್ಲು ಗೋಡೆಯ ಮೇಲೆ ಟಿಕ್ ಟಿಕ್ ಎನ್ನುತ್ತಿತ್ತು.

"ಗಂಟೆ ಎಷ್ಟಾಯ್ತು, ಸ್ವಲ್ಪ ನೋಡೋ," ಅಂದರು ಚಿಕ್ಕಮ್ಮ.