ಲೇತು ಕಟ್ಟಿದ ದೇರಪ್ಪ

ನೆಲ್ಯಹುದಿಕೇರಿಯ ನಮ್ಮ ನೆರೆಯ ದೇರಪ್ಪ ಲೇತು ಕಟ್ಟಲು ಕೂತ ವರ್ಷ, ಅವನ ಬೈಗುಳಕ್ಕೆ ಹೆದರಿ ಕಾವೇರಿ ಒಂದು ಗಳಿಗೆ ಹಿಂದಕ್ಕೆ ಹರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಂಬದವರು ಮೀನುಗಳನ್ನು ಕೇಳಬಹುದು.

ಕೊಡಗು ಮೈಸೂರಿಗೆ ಸೇರಿದ ಹೊಸತು. ಊರು ಬಿಟ್ಟುಹೋದ ಬಿಳಿ ದೊರೆಯೊಬ್ಬನ ಎಸ್ಟೇಟಿನ ಗುಜರಿಯಲ್ಲಿ ದೇರಪ್ಪನಿಗೆ ಲೇತಿನ ಎಲುಬುಗಳೂ ಅದನ್ನು ಜೋಡಿಸುವ ನಕ್ಷೆಯೂ ಸಿಕ್ಕವು. ಕಬ್ಬಿಣವನ್ನು ತಿರುಗಿಸಿ ಕೊರೆಯುವ ಆ ಯಂತ್ರ ಊರಲ್ಲಿದ್ದರೆ ಪ್ರತಿ ರಿಪೇರಿಗೂ ಮೈಸೂರಿಗೆ ಓಡುವುದು ತಪ್ಪುತ್ತಿತ್ತು. ಆದರೆ ಒಂದು ಭಾಗ ಕೂರಿಸಲು ಇನ್ನೊಂದು ಬೇಕು, ಅದಕ್ಕೆ ಎಲ್ಲೂ ಸಿಗದ ಮತ್ತೊಂದು. ತಲಚೇರಿಯ ನಟ್ಟು ಮೈಸೂರಿನ ಬೋಲ್ಟಿನ ಮುಖ ನೋಡುತ್ತಿರಲಿಲ್ಲ, ಮುನಿದ ಬೀಗರ ಹಾಗೆ. ಕೊನೆಗೆ ಉಳಿದದ್ದು ಉಳಿಯನ್ನು ಒಂದೇ ಸಮ ಮುಂದಕ್ಕೆ ತಳ್ಳುವ ಉದ್ದನೆಯ ತಿರುಪು. ಅದನ್ನು ಲೇತಿನಲ್ಲಿ ಕೊರೆದುಕೊಳ್ಳಿ ಎಂದಿತ್ತು ನಕ್ಷೆ.

"ಲೇತ್ ಮಾಡಿಕೆ ಲೇತ್ ಬೇಕಂತೆ," ಎಂದ ದೇರಪ್ಪ. "ಇದ್ ಬರ್ದವ ಅವನ ಅಪ್ಪಂಗಿಂತ ಮೊದ್ಲೇ ಹುಟ್ಟಿರೊಕು."

ನನಗೆ ನಗು ಬರಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ನನ್ನ ಪಲ್ಪರಿನ ತಿರುಗುವ ಅಚ್ಚು ಮುರಿದಿತ್ತು. ಸೋಮವಾರ ಪಿಕ್ಕಿಂಗ್, ಕೊಯ್ದ ಹಣ್ಣು ಅಂದೇ ಸುಲಿಯದಿದ್ದರೆ ಹುಳಿಯುತ್ತದೆ. ಮೈಸೂರಿನವರು ಸಂಕ್ರಾಂತಿ ಕಳೆದು ಬನ್ನಿ ಎಂದಿದ್ದರು. ನನ್ನ ವರ್ಷದ ಬೆಳೆ ದೇರಪ್ಪನ ಲೇತಿಗೆ ಜೋತುಬಿದ್ದಿತ್ತು.

ಅವನು ಕಂಬಿಗೆ ಕಬ್ಬಿಣ ಉಜ್ಜುವ ಅರ ಹಿಡಿದು ಕಣ್ಣಂದಾಜಿನಲ್ಲಿ ತಿರುಪು ಕೊರೆಯಹೋದ. ಅರ ಜಾರಿ ಬೆರಳು ಸೀಳಿತು. ಹೆಂಡತಿ ತಂಗಮ್ಮ ಗದರುತ್ತ ಹಳೆಯ ಸೀರೆಯ ಪಟ್ಟಿ ಹರಿದು, ಅಂಚಿಗೆ ಅಂಚು ತಾಗಿಸಿ, ಬುಡದಿಂದ ತುದಿಯವರೆಗೆ ಸುತ್ತಿದಳು. ದೇರಪ್ಪ ಬೆರಳನ್ನೇ ನೋಡುತ್ತ ಕೂತ.

"ನೋಡ್ದು ಸಾಕ್, ಬೆರಳ್ ಅಲ್ಲೇ ಉಟ್ಟು," ಎಂದಳು ತಂಗಮ್ಮ.

"ಇನ್ನೊಂದ್ ಪಟ್ಟಿ ಹರಿ. ಉದ್ದಕೆ."

ಆ ಪಟ್ಟಿಯನ್ನು ಕಂಬಿಗೆ ಹಾಗೆಯೇ ಸುತ್ತಿ, ಅಂಚಿನಗುಂಟ ಗೀರು ಎಳೆದು, ಗೀರಿನ ಮೇಲೆ ಅರ ಓಡಿಸಿದ. ಮೊದಲ ತಿರುಪು ಹುತ್ತರಿ ಹಬ್ಬದ ಮರುದಿನದ ಕುಡುಕನ ಹಾಗೆ ತೂರಾಡಿತು. ಸವೆಸಿ ತಿದ್ದಿ ಲೇತಿಗೆ ಹಾಕಿದರೆ, ಆ ಕುಡುಕನೇ ತನಗಿಂತ ಮರ್ಯಾದಸ್ಥನಾದ ಇನ್ನೊಂದು ತಿರುಪನ್ನು ಹೆತ್ತ. ಅದು ನನ್ನ ಅಚ್ಚನ್ನು ಕೊರೆಯಿತು.

ತಂಗಮ್ಮನಿಗೆ ಕೈ ಮುಗಿಯಲು ಹೋದರೆ, ತಾನು ಗಾಯ ಕಟ್ಟಿದ್ದಷ್ಟೇ ಎಂದು ಒಳಗೆ ನಡೆದಳು.

ಸೋಮವಾರ ಪಲ್ಪರ್ ತಿರುಗಿತು. ಕೆಂಪು ಹಣ್ಣು ಒಳಹೋಗಿ ಬಿಳಿ ಬೀಜ ಸುರಿಯುವುದನ್ನು ಕಂಡು ನನ್ನ ಕಣ್ಣು ತುಂಬಲಿಲ್ಲ ಎಂದರೆ, ಈ ಬಾಯಿಂದ ಬಂದ ಅತಿ ದೊಡ್ಡ ಸುಳ್ಳು ಅದೇ ಆದೀತು.