ಇನ್ನೂರು ರೂಪಾಯಿಯ ಪೆಟ್ರೋಲು

ಹದಿನೆಂಟು ವರ್ಷದಿಂದ ಒಂದೇ ಕಾರು ಓಡಿಸುತ್ತಿದ್ದೇನೆ. ಅದರ ಪೆಟ್ರೋಲ್ ಟಾಕಿಯನ್ನು ಒಮ್ಮೆಯೂ ತುಂಬಿಸಿದವನಲ್ಲ. ಇದನ್ನು ನಾಚಿಕೊಂಡು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಮೊನ್ನೆ ಮೊನ್ನೆಯವರೆಗೂ ಹೆಮ್ಮೆಯಿಂದಲೇ ಹೇಳುತ್ತಿದ್ದೆ. ಬಂಕಿನಲ್ಲಿ ಪೈಪು ಹಿಡಿದವನು 'ಫುಲ್ ಏನ್ರಿ?' ಎಂದು ಕೇಳಿದರೆ ನನ್ನ ನಡತೆಯ ಮೇಲೆಯೇ ಸಂಶಯಪಟ್ಟಂತೆ ಅನ್ನಿಸುತ್ತಿತ್ತು. 'ಇನ್ನೂರು' ಎನ್ನುತ್ತಿದ್ದೆ. ಹಿಂದೆ ನಿಂತ ಸ್ಕೂಟರಿನವರು ನನಗಿಂತ ಹೆಚ್ಚು ಹಾಕಿಸಿಕೊಂಡು ಹೋಗುತ್ತಿದ್ದರು.

ಇದಕ್ಕೆ ಕಾರಣಗಳಿದ್ದವು. ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವನಿಗೆ ಕಾರಣಗಳ ಬರವೇ? ಇವತ್ತು ಟಾಕಿ ತುಂಬಿಸಿ ನಾಳೆ ದರ ಇಳಿದರೆ ಏನು ಗತಿ? ದರ ಹಾಗೆ ಇಳಿದದ್ದನ್ನು ನಾನಂತೂ ಕಂಡಿಲ್ಲ, ಆದರೆ ಅರ್ಥಶಾಸ್ತ್ರದವನು ಆಸೆ ಬಿಡಬಾರದು. ಇನ್ನು, ಕಾರನ್ನು ಕಳ್ಳರು ಒಯ್ದರೆ ಪೆಟ್ರೋಲಾದರೂ ಉಳಿಯಲಿ ಎಂಬುದು ಎರಡನೆಯ ಕಾರಣ. ಈ ಕಾರನ್ನು ಒಯ್ಯುವಷ್ಟು ದಿಕ್ಕೆಟ್ಟ ಕಳ್ಳ ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಖರೇ ಕಾರಣ ಬೇರೆ. ನಮ್ಮಲ್ಲಿ ಒಬ್ಬನ ಕಾರು ಎಂದರೆ ಇಡೀ ಬಳಗದ ಕಾರು. 'ಕಾಕಾ, ಒಂದ ತಾಸ ಗಾಡಿ ಕೊಡ್ರಿ' ಎಂದು ಯಾರಾದರೂ ಬಂದು ನಿಲ್ಲುತ್ತಾರೆ. ಇಲ್ಲವೆನ್ನುವ ಹಾಗಿಲ್ಲ; ಇಲ್ಲವೆಂದರೆ ಮುಂದಿನ ಮದುವೆಯ ಪಂಕ್ತಿಯಲ್ಲಿ ಹೋಳಿಗೆ ನಿಮ್ಮ ಎಲೆ ದಾಟಿ ಹೋಗುತ್ತದೆ. ತುಂಬಿದ ಟಾಕಿ ಕೊಟ್ಟಿರೋ, ಆ ಒಂದು ತಾಸು ಗೋವಾದವರೆಗೂ ಹಿಗ್ಗುತ್ತದೆ. ಖಾಲಿ ಟಾಕಿ ಕೊಟ್ಟರೆ ಪಾಪ ಅವರೇ ಹಾಕಿಸಿಕೊಂಡು ಹೋಗಿ, ನಾಲ್ಕು ಹನಿ ಉಳಿಸಿಯೂ ತರುತ್ತಾರೆ. ಹೀಗಾಗಿ ಕಾರಿರುವ ನಮ್ಮ ಬಳಗದವರೆಲ್ಲ ಮನೆ ಮುಂದೆ ಒಣ ಟಾಕಿಯನ್ನೇ ನಿಲ್ಲಿಸಿಕೊಂಡಿರುತ್ತಾರೆ. ಒಬ್ಬರಿಗೊಬ್ಬರು ಇದನ್ನು ಹೇಳಿಕೊಳ್ಳುವುದಿಲ್ಲ, ಅಷ್ಟೇ.

ಈ ಕಾರಿನ ಮುಖ್ಯ ಉದ್ಯೋಗವೆಂದರೆ ಗುರುವಾರಕ್ಕೊಮ್ಮೆ ನನ್ನ ಹೆಂಡತಿ ಗಿರಿಜೆಯನ್ನು ಸಪ್ತಾಪುರದ ನಮ್ಮ ಮನೆಯಿಂದ ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಅವಳ ಅಕ್ಕನ ಮನೆಗೆ ಮುಟ್ಟಿಸುವುದು. ಮನೆಯಲ್ಲಿ ನಮ್ಮಿಬ್ಬರ ಮಾತು ಹಾಲು, ಗ್ಯಾಸು, ನಳ ಬಂತೋ ಇಲ್ಲವೋ ಎಂಬಲ್ಲಿಗೆ ಮುಗಿಯುತ್ತದೆ. ಕಾರಿನಲ್ಲಿ ಕೂತಳೆಂದರೆ ಗಿರಿಜೆ ಬೇರೆಯೇ ಮನುಷ್ಯಳು. ಓಣಿಯ ಒಬ್ಬೊಬ್ಬರ ಧಾಟಿಯಲ್ಲೂ ಮಾತಾಡಿ ತೋರಿಸುತ್ತಾಳೆ, ಕಾಲೇಜಿನಲ್ಲಿ ನಾನು ಪಾಠ ಹೇಳುತ್ತಿದ್ದ ಧಾಟಿಯನ್ನೂ ಬಿಡುವುದಿಲ್ಲ. ನಕ್ಕೂ ನಕ್ಕೂ ಒಮ್ಮೆ ನವನಗರದ ಸಿಗ್ನಲ್ಲನ್ನೇ ಮರೆತಿದ್ದೇನೆ. ಆ ಮುಕ್ಕಾಲು ತಾಸಿಗಾಗಿ ನಾನು ವಾರವೆಲ್ಲ ಕಾಯುತ್ತೇನೆ. ಇದನ್ನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ನಮ್ಮ ಕಡೆ ಗಂಡಂದಿರು ಇಂಥದ್ದನ್ನೆಲ್ಲ ಹೇಳಿದರೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಾರೆ.

ಆಗೀಗ ಅವಳು 'ಹಂಗ ನೃಪತುಂಗ ಬೆಟ್ಟಕ್ಕ ಹೋಗಿ ಬರೂಣೇನ್ರಿ?' ಎಂದು ಕೇಳುವುದಿತ್ತು. ನಾನು ಬಾಯಿ ಬಿಚ್ಚದೆ ಪೆಟ್ರೋಲಿನ ಮುಳ್ಳಿನ ಕಡೆ ಬೆರಳು ತೋರಿಸುತ್ತಿದ್ದೆ. ಅದು ಕೆಂಪು ಗೆರೆಯ ಮೇಲೆ ಮಲಗಿರುತ್ತಿತ್ತು. ಅವಳು ಕಿಟಕಿಯ ಕಡೆ ತಿರುಗುತ್ತಿದ್ದಳು.

ಆ ಗುರುವಾರ ರಾಯಾಪುರದ ಹತ್ತಿರ ಕಾರು ಎರಡು ಸಲ ಕೆಮ್ಮಿ ನಿಂತೇ ಬಿಟ್ಟಿತು. ಚಾವಿ ತಿರುಗಿಸಿದರೆ ಗರ್ ಗರ್ ಎನ್ನುತ್ತದೆ, ಹತ್ತಿಕೊಳ್ಳುವುದಿಲ್ಲ. ಟಾಕಿಯೊಳಗಿನ ಪಂಪು ಮುಷ್ಕರ ಹೂಡಿದರೆ ಕೆಳಗಿನಿಂದ ಟಾಕಿಗೆ ನಾಲ್ಕು ಏಟು ಹಾಕಬೇಕೆಂದು ಯಾರೋ ಹೇಳಿದ್ದು ನೆನಪಾಯಿತು. ಗಿರಿಜೆಗೆ ಚಾವಿ ಕೊಟ್ಟು, ರಸ್ತೆಯ ಮೇಲೆ ಅಂಗಾತ ಮಲಗಿ, ಕಾಲಿನ ಚಪ್ಪಲಿ ಬಿಚ್ಚಿ ಬಡಿಯತೊಡಗಿದೆ. ನಿವೃತ್ತ ಪ್ರಾಧ್ಯಾಪಕನೊಬ್ಬ ತನ್ನ ಸ್ವಂತ ಕಾರನ್ನು ಚಪ್ಪಲಿಯಿಂದ ಹೊಡೆಯುವುದನ್ನು ನೋಡಲು ಜನ ಸೇರಿದರು. ಅವರಲ್ಲಿ ಇಬ್ಬರು ನನ್ನ ವಿದ್ಯಾರ್ಥಿಗಳು, ಬಗ್ಗಿ ನೋಡಿ ನಮಸ್ಕಾರ ಮಾಡಿದರು. ಆರನೆಯ ಏಟಿಗೆ ಕಾರು ಹತ್ತಿಕೊಂಡಿತು. ನಾನು ಎದ್ದು ಅಂಗಿ ಕೊಡವುವಷ್ಟರಲ್ಲಿ ಗಿರಿಜೆ ಎಂಜಿನ್ ಆರಿಸಿ ಕೆಳಗಿಳಿದು ಚಾವಿಯನ್ನು ನನ್ನ ಕೈಗಿಟ್ಟಳು.

"ನಾ ಚಿಗರಿ ಬಸ್ಸಿಗೆ ಹೊಂಟೇನ್ರಿ," ಅಂದಳು. "ಇನ್ನ ಮ್ಯಾಲ ಈ ಗಾಡಿ ಒಳಗ ಕಾಲಿಡಂಗಿಲ್ಲ. ನೀವು ಅದರ ಜೋಡಿ ಸಾವಕಾಶ ಬರ್ರಿ."

ಗಿರಿಜೆ ಆಡಿದ ಮಾತು ತಪ್ಪುವವಳಲ್ಲ. ಮುಂದಿನ ಗುರುವಾರವೂ ಹುಬ್ಬಳ್ಳಿಗೆ ಓಡುವ ಆ ಏಸಿ ಬಸ್ಸಿಗೇ ಹೋದಳು. ತಂಪಾಗಿರುತ್ತದೆ, ಲಗೂ ಮುಟ್ಟುತ್ತದೆ, ಪಕ್ಕದಲ್ಲಿ ಕೂತವರು ಛಲೋ ಮಾತಾಡುತ್ತಾರೆ ಎಂದು ಬಂದು ಹೇಳಿದಳು. ಈ ವಯಸ್ಸಿನಲ್ಲಿ ಒಂದು ಬಸ್ಸಿನ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿತು.

ಕಾರು ರಿಪೇರಿಯಾಗಬೇಕು, ಆದರೆ ಕಡಿಮೆಯಲ್ಲಿ ಆಗಬೇಕು. ಪ್ರೀತಿ ಬೇರೆ, ಸ್ವಭಾವ ಬೇರೆ. ಗಾಜಿನ ಗೋಡೆಯ ದೊಡ್ಡ ವರ್ಕ್‌ಶಾಪಿನವರು ಚಹಾ ಕೊಟ್ಟು, ಪಂಪಿನ ಇಡೀ ಸೆಟ್ಟನ್ನೇ ಬದಲಿಸಬೇಕೆಂದರು. ಅವರು ಹೇಳಿದ ದರಕ್ಕೆ ಹಳೆಯ ಸ್ಕೂಟರೊಂದು ಬರುತ್ತಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯೇ ಎಂದುಕೊಂಡು, ಚಹಾ ಮಾತ್ರ ಕುಡಿದು ಎದ್ದೆ. ಚಪ್ಪಲಿಸೇವೆ ಮಾಡುತ್ತ ಮಾಡುತ್ತ ಕಾರನ್ನು ತಾರಿಹಾಳಕ್ಕೆ ತಂದು ಫಕ್ಕೀರಪ್ಪ ಮಿಸ್ತ್ರಿಯ ಶೆಡ್ಡಿನಲ್ಲಿ ನಿಲ್ಲಿಸಿದೆ.

ಫಕ್ಕೀರಪ್ಪನದು ಕಡಿಮೆ ಮಾತು. ಹಿಂದಿನ ಸೀಟನ್ನು ಎತ್ತಿದ. ಅದರಡಿ ಹದಿನೆಂಟು ವರ್ಷದ ಶೇಂಗಾ ಸಿಪ್ಪೆ, ಅರ್ಧ ಹಣಿಗೆ, ಮತ್ತು ಯಾವುದೋ ಮದುವೆಯಿಂದ ಬಂದು ಕಲ್ಲಾಗಿದ್ದ ಬುಂದಿ ಉಂಡೆ ಇದ್ದವು. ಅವನ್ನೆಲ್ಲ ಗೌರವದಿಂದ ಬದಿಗಿಟ್ಟು, ಕೆಳಗಿನ ಮುಚ್ಚಳ ಬಿಚ್ಚಿ ಪಂಪನ್ನು ಹೊರತೆಗೆದ. ಸೆಟ್ಟಿಗೆ ಏನೂ ಆಗಿಲ್ಲ, ಒಳಗಿನ ಮೋಟರು ಮಾತ್ರ ಸುಟ್ಟಿದೆ, ಅಷ್ಟನ್ನೇ ಬದಲಿಸಿದರೆ ಸಾಕು ಎಂದ. ಹೆಚ್ಚೆಂದರೆ ಒಂದು ಜೋಡಿ ಒಳ್ಳೆಯ ಚಪ್ಪಲಿಯ ಖರ್ಚು. ನನಗೆ ಅವನನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಅಷ್ಟರಲ್ಲಿ ಅವನು ಟಾಕಿಯೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದ.

"ಸರ, ಈ ಮೋಟರ್ ಪೆಟ್ರೋಲ್‌ನ್ಯಾಗ ಮುಳುಗಿ ಇರಬೇಕ್ರಿ, ಅಂದ್ರ ತಣ್ಣಗ ಇರ್ತೈತಿ. ನಿಮ್ಮ ಟಾಕ್ಯಾಗ ಅದರ ಪಾದಾ ಸೈತ ತೊಯ್ದಿಲ್ಲ. ಗಾಡಿ ಕೆಟ್ಟಿಲ್ರಿ, ನೀವು ಉಪವಾಸ ಕೆಡವಿ ಕೊಂದೀರಿ."

ಅಷ್ಟಕ್ಕೇ ಬಿಡಲಿಲ್ಲ. ಟಾಕಿ ಯಾವತ್ತೂ ಅರ್ಧಕ್ಕಿಂತ ಕೆಳಗೆ ಇಳಿಸುವುದಿಲ್ಲವೆಂದು ಮಾತು ಕೊಟ್ಟರೆ ಮಾತ್ರ ಹೊಸ ಮೋಟರು ಹಾಕುವೆನೆಂದ. ಹನಿ ಹನಿ ಕೂಡಿದರೆ ಹಳ್ಳ ಎಂದು ಊರಿಗೆಲ್ಲ ಪಾಠ ಹೇಳಿದವನು ನಾನು. ನನ್ನ ಹಳ್ಳದಲ್ಲಿ ಹನಿಯೂ ಇರಲಿಲ್ಲ. ಗ್ರೀಸು ಹತ್ತಿದ ಅವನ ಕೈ ಮುಟ್ಟಿ ಮಾತು ಕೊಟ್ಟೆ.

ಗಿರಿಜೆಗೆ ಏನು ಹೇಳುವುದು? ಅಪವಾದವನ್ನು ಕಾರಿನ ಮೇಲೆಯೇ ಬಿಡಬಹುದಿತ್ತು, ಅದೇನು ಎದುರಾಡುವುದಿಲ್ಲ. ಆದರೆ ಸಂಸಾರದಲ್ಲಿ ಒಪ್ಪಿಕೊಳ್ಳುವುದಕ್ಕೂ ಒಂದು ರೀತಿಯಿದೆ. ಬಂಕಿಗೆ ಹೋಗಿ, ಗಂಟಲು ಸರಿಪಡಿಸಿಕೊಂಡು, 'ಫುಲ್' ಎಂದೆ. ಪೈಪಿನವನು ನನ್ನ ಮುಖ ನೋಡಿ ಮತ್ತೊಮ್ಮೆ ಕೇಳಿದ. ಮುಳ್ಳು ನಿದ್ದೆಯಿಂದೆದ್ದು ಮೇಲೆ, ಇನ್ನೂ ಮೇಲೆ ಹೋಯಿತು. ಅಷ್ಟು ಎತ್ತರಕ್ಕೆ ಅದು ಹೋಗಬಲ್ಲದು ಎಂಬುದೇ ನನಗೆ ಗೊತ್ತಿರಲಿಲ್ಲ.

ಗುರುವಾರ ಬೆಳಗ್ಗೆ ಗಿರಿಜೆ ಚೀಲ ಹಿಡಿದು ಬಸ್ಸಿಗೆ ನಡೆದಳು. ನಾನು ಕಾರನ್ನು ಅವಳ ಪಕ್ಕದಲ್ಲೇ ಮೆಲ್ಲಗೆ ಉರುಳಿಸಿದೆ. ಸಪ್ತಾಪುರದಲ್ಲಿ ಹುಡುಗಿಯರ ಬೆನ್ನಿಗೆ ಹೀಗೆ ಗಾಡಿ ಉರುಳಿಸುವ ಹುಡುಗರನ್ನು ನಾನೇ ಎಷ್ಟೋ ಸಲ ಗದರಿಸಿದ್ದೇನೆ. ಅವಳು ನಿಂತಳು. ನನ್ನ ಕಡೆ ನೋಡಲಿಲ್ಲ; ಕಿಟಕಿಯಲ್ಲಿ ಬಗ್ಗಿ ಮುಳ್ಳನ್ನು ನೋಡಿದಳು.

"ಇದು ಖರೇ ತೋರಸಾಕತ್ತೈತೋ, ಮುಳ್ಳೂ ಕೆಟ್ಟೈತೋ?"

ಖರೇ ಎಂದೆ. ಫಕ್ಕೀರಪ್ಪ ಅಂದದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಅವಳು ಬಾಗಿಲು ತೆಗೆದು ಕೂತಳು. ಆದರೆ ದಾರಿಯುದ್ದಕ್ಕೂ ಮಾತಿಲ್ಲ, ಯಾರ ಧಾಟಿಯೂ ಇಲ್ಲ. ಉಣಕಲ್ ಕೆರೆ ದಾಟಿದ ಮೇಲೆ ನಾನು ಕೇಳದೆಯೇ ಬೆಟ್ಟದ ಕಡೆ ತಿರುಗಿಸಿದೆ. ಮೇಲೆ ಹೋಗಿ ಕಾರು ನಿಲ್ಲಿಸಿದಾಗ ಅವಳು ಕೆಳಗಿನ ಊರು ನೋಡುತ್ತ ಹೇಳಿದಳು.

"ಇಷ್ಟು ವರ್ಷ ಬರೇ ಪೆಟ್ರೋಲ್ ಇಲ್ಲಂತ ಬರಲಿಲ್ಲೇನ್ರಿ? ನನ್ನ ಜೋಡಿ ನಿಮಗ ಬ್ಯಾಸರ ಬರ್ತೈತಿ ಅಂತ ನಾ ತಿಳಕೊಂಡಿದ್ದೆ."

ನನ್ನ ಬೆರಳು ಅಭ್ಯಾಸಬಲದಿಂದ ಮುಳ್ಳಿನ ಕಡೆ ಹೊರಟಿತು. ಅಲ್ಲಿ ಇನ್ನು ತೋರಿಸುವಂಥದ್ದೇನೂ ಇರಲಿಲ್ಲ. ಬೇರೆ ದಾರಿ ಕಾಣದೆ, ಗುರುವಾರಕ್ಕಾಗಿ ವಾರವೆಲ್ಲ ಕಾಯುತ್ತೇನೆಂಬುದನ್ನು ಹೇಳಿಬಿಟ್ಟೆ.

ಗಿರಿಜೆ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿಲ್ಲವೆಂದು ಖಾತ್ರಿಯಾದ ಮೇಲೂ ಕೈ ತೆಗೆಯಲಿಲ್ಲ.