ಪುಡಿ ಅಕ್ಕನ ಹೊಟ್ಟೆಕಿಚ್ಚು

ಆಸ್ಪತ್ರೆಯ ನೆಲಮಾಳಿಗೆಯ ಔಷಧಿ ಕೋಣೆಯಲ್ಲಿ ಮಾತ್ರೆ ಅರೆಯುವ ಕೆಲಸ ಅವಳದು. ಹೆಸರಿಗೆ ಫಾರ್ಮಸಿಸ್ಟ್. ಆದರೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಬಿಳಿ ಕಲ್ವದಲ್ಲಿ ದೊಡ್ಡವರ ಮಾತ್ರೆಗಳನ್ನು ನುಣ್ಣಗೆ ಅರೆದು ಹಸುಗೂಸುಗಳಿಗೆ ಸಿರಪ್ ಮಾಡುವುದನ್ನು ನೋಡಿ ನೋಡಿ ಆಸ್ಪತ್ರೆಯವರೆಲ್ಲ ಅವಳನ್ನು ಪುಡಿ ಅಕ್ಕ ಎಂದೇ ಕರೆಯುತ್ತಿದ್ದರು. ಅಂಗೈಯಗಲದ ಕೂಸಿಗೆಂದು ಔಷಧಿ ಮಾಡುವ ಕಂಪನಿಗಳು ಕಡಿಮೆ. ಅಷ್ಟು ಎಳೆಯ ಜೀವದ ಮೇಲೆ ಪರೀಕ್ಷೆ ಮಾಡಲು ಯಾರಿಗೆ ತಾನೆ ಕೈ ಬಂದೀತು? ಹಾಗಾಗಿ ಮೇಲಿನ ಮಹಡಿಯ ಎಳೆಗೂಸುಗಳ ಐಸಿಯುಗೆ ಹೋಗುವ ಎಷ್ಟೋ ಔಷಧಿಗಳು, ಡಬ್ಬಿಯ ಮೇಲೆ ಅಚ್ಚಾದ ಕಾಯಿಲೆಗಾಗಲಿ ವಯಸ್ಸಿಗಾಗಲಿ ಸಂಬಂಧವೇ ಇಲ್ಲದವು. ಹೆತ್ತವರಿಗೆ ತಿಳಿಸಿ ಹೇಳಿ, ಒಪ್ಪಿಗೆ ಪಡೆದು ಡಾಕ್ಟರು ಬರೆಯುತ್ತಿದ್ದರು. ಇವಳು ಅರೆಯುತ್ತಿದ್ದಳು.

ಅದೇ ಐಸಿಯುವಿನಲ್ಲಿ ಅವಳ ಓರಗಿತ್ತಿ ನರ್ಸು. ಮೈದುನನ ಹೆಂಡತಿ. ಇಬ್ಬರಿಗೂ ಒಂದೇ ಮನೆ, ಒಂದೇ ಅಡುಗೆಮನೆ, ಬೆಳಿಗ್ಗೆ ಒಂದೇ ಬಸ್ಸು. ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಒಬ್ಬಳು ಲಿಫ್ಟ್ ಹತ್ತುತ್ತಿದ್ದಳು, ಇನ್ನೊಬ್ಬಳು ಮೆಟ್ಟಿಲಿಳಿಯುತ್ತಿದ್ದಳು. ಅಷ್ಟೇ ವ್ಯತ್ಯಾಸ. ಆದರೆ ಪುಡಿ ಅಕ್ಕನ ಹೊಟ್ಟೆಯೊಳಗೆ ಆ ಅಷ್ಟೇ ವ್ಯತ್ಯಾಸ ಬೆಂಕಿಯಾಗಿ ಕೂತಿತ್ತು.

ಕಿರಿಯವಳಿಗೆ ದಾರಿಯಲ್ಲಿ ಹೋಗುವವರೂ ನಿಂತು ಕೈಮುಗಿಯುತ್ತಿದ್ದರು. ತರಕಾರಿ ಅಂಗಡಿಯಲ್ಲಿ ಯಾರೋ ಹೆಂಗಸು ಗುಂಡುಗುಂಡಾದ ಮಗುವನ್ನು ಎತ್ತಿ ಹಿಡಿದು, "ಸಿಸ್ಟರ್, ನೀವು ಉಳಿಸಿಕೊಟ್ಟ ಕೂಸು ಇದು," ಎನ್ನುತ್ತಿದ್ದಳು. ಪಕ್ಕದಲ್ಲಿ ಚೀಲ ಹಿಡಿದು ನಿಂತ ಪುಡಿ ಅಕ್ಕ ಟೊಮೆಟೊ ಒತ್ತಿ ಒತ್ತಿ ನೋಡುತ್ತಿದ್ದಳು. ಅಂಗಡಿಯವನು ಗದರಿದರೆ ಅದೂ ಓರಗಿತ್ತಿಯ ತಪ್ಪೇ. ಮನೆಯಲ್ಲಂತೂ ಅತ್ತೆ ಬಂದವರಿಗೆಲ್ಲ ಹೇಳುವ ಮಾತು ಒಂದೇ: ಕಿರಿ ಸೊಸೆ ಜೀವ ಉಳಿಸ್ತಾಳೆ, ಹಿರಿ ಸೊಸೆ ಮಾತ್ರೆ ಕೊಡ್ತಾಳೆ. ಅತ್ತೆಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ಹೆಚ್ಚು ಉರಿಸುತ್ತಿತ್ತು.

ಒಂದು ದಿನ ಮೇಲಿನಿಂದ ಒಂದು ಚೀಟಿ ಬಂತು. ಗಂಡಸರು ಔಷಧಿ ಅಂಗಡಿಯಲ್ಲಿ ಅತ್ತಿತ್ತ ನೋಡಿ, ಗಂಡಸುತನಕ್ಕೆಂದು, ದನಿ ತಗ್ಗಿಸಿ ಕೇಳುತ್ತಾರಲ್ಲ, ಆ ಮಾತ್ರೆ. ಆಗಷ್ಟೇ ಹುಟ್ಟಿದ ಹೆಣ್ಣುಕೂಸೊಂದರ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಂಡು ಮೈ ನೀಲಿಗಟ್ಟಿತ್ತು. ಬೇರೆ ಉಪಾಯಗಳೆಲ್ಲ ಸಾಲದೆ ಬಂದಾಗ, ಆ ಬಿಗಿ ಸಡಿಲಿಸಲು ದೊಡ್ಡ ಡಾಕ್ಟರಮ್ಮ ಅದನ್ನು ಬರೆದಿದ್ದರು. ಪುಡಿ ಅಕ್ಕನಿಗೆ ಇದು ಹೊಸದಲ್ಲ. ಅರೆದಳು, ಜರಡಿ ಹಿಡಿದಳು, ದ್ರಾವಣಕ್ಕೆ ಬೆರೆಸಿ ಕಂದು ಬಾಟಲಿಗೆ ತುಂಬಿ ಕಳಿಸಿದಳು.

ಮೇಲೆ ನಡೆದದ್ದು ಅವಳಿಗೆ ತಿಳಿದದ್ದು ಊಟದ ಹೊತ್ತಿನಲ್ಲಿ, ಅದೂ ಬೇರೆಯವರ ಬಾಯಿಂದ. ಕೂಸಿನ ಅಪ್ಪ ಔಷಧಿಯ ಹೆಸರನ್ನು ಫೋನಿನಲ್ಲಿ ಹುಡುಕಿ ನೋಡಿ ಕೆಂಡವಾಗಿದ್ದನಂತೆ. ನನ್ನ ಮಗಳಿಗೆ ಇಂಥದ್ದನ್ನು ಕೊಡ್ತೀರಾ ಎಂದು ಡಾಕ್ಟರಮ್ಮನ ಮೇಲೇ ಹಾರಾಡಿದ್ದನಂತೆ. ಓರಗಿತ್ತಿ ಅವನನ್ನು ಪಕ್ಕಕ್ಕೆ ಕರೆದು ಕೂರಿಸಿ, ರಕ್ತನಾಳಕ್ಕೆ ಗಂಡುಹೆಣ್ಣು ಗೊತ್ತಾಗಲ್ಲ ಅಣ್ಣ, ಅದಕ್ಕೆ ಸಡಿಲ ಆಗೋದಷ್ಟೇ ಗೊತ್ತು ಎಂದು ಹೇಳಿದ ಮೇಲೆ ಅಳುತ್ತಲೇ ನಕ್ಕು ಒಪ್ಪಿದನಂತೆ. ಮಾರನೆಯ ದಿನ ಕೂಸಿನ ತುಟಿಗೆ ಬಣ್ಣ ಬಂತು. ಅಪ್ಪ ಅಮ್ಮ ಸೇರಿ ಮಗಳಿಗೆ ಓರಗಿತ್ತಿಯ ಹೆಸರನ್ನೇ ಇಟ್ಟರು.

ಹೆಸರಿನ ಸುದ್ದಿ ಕೇಳಿ ಅತ್ತೆ ಬೀದಿಗೆಲ್ಲ ಸಾರಿದರು. ಪುಡಿ ಅಕ್ಕ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ಅರೆದದ್ದು ಯಾರ ಕೈ? ಕೈ ಚೂರು ತಪ್ಪಿದ್ದರೆ ಹೆಸರಿಡಲು ಕೂಸೇ ಇರುತ್ತಿರಲಿಲ್ಲವಲ್ಲ? ಯಾರನ್ನು ಕೇಳುವುದು? ಗಂಡನ ಹತ್ತಿರ ಹೇಳಿದರೆ, "ನಿಂಗೂ ಒಂದು ಹೆಸರಿದೆಯಲ್ಲ, ಪುಡಿ ಅಕ್ಕ," ಎಂದು ನಕ್ಕುಬಿಟ್ಟ. ಅವತ್ತಿನಿಂದ ಬಸ್ಸಿನಲ್ಲಿ ಅವಳು ಬೇರೆ ಸೀಟು ಹುಡುಕತೊಡಗಿದಳು.

ಕೂಸಿಗೆ ಎರಡನೆಯ ಬಾಟಲಿ ಹೋಗಿ ಕೆಲವು ದಿನಗಳಾಗಿರಬೇಕು, ಓರಗಿತ್ತಿ ಅದನ್ನು ಹಿಡಿದುಕೊಂಡು ತಾನೇ ನೆಲಮಾಳಿಗೆಗೆ ಬಂದಳು.

"ಅಕ್ಕ, ಇದು ತಳದಲ್ಲಿ ಗಟ್ಟಿ ಆಗ್ತಿದೆ ಅನ್ಸುತ್ತೆ. ಒಂದ್ಸಲ ನೋಡ್ತೀರಾ?"

"ಅಲ್ಲಾಡಿಸಿ ಕೊಡಿ ಅಂತ ದಪ್ಪಕ್ಷರದಲ್ಲಿ ಬರೆದಿದೀನಲ್ಲ."

"ಅಲ್ಲಾಡಿಸಿದೆ ಅಕ್ಕ. ಇವತ್ತು ಔಷಧಿ ಕೊಟ್ಟ ಮೇಲೆ ಕೂಸಿನ ಬಿಪಿ ಯಾಕೋ ಇಳೀತು. ಮೇಡಂ ಮುಂದಿನ ಡೋಸ್ ತಡೆದಿದಾರೆ."

"ಓ, ಈಗ ನನ್ನ ಕೆಲಸಾನೂ ನೀನೇ ಕಲಿಸ್ತೀಯಾ? ಮೇಲೆ ಕೈಮುಗಿಯೋರು ಸಾಕಾಗ್ಲಿಲ್ವಾ?"

ಓರಗಿತ್ತಿಯ ಮುಖ ಸಣ್ಣದಾಯಿತು. ಬಾಟಲಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

ಪುಡಿ ಅಕ್ಕ ಬಾಟಲಿಯನ್ನು ಮುಟ್ಟಲಿಲ್ಲ. ಬೇರೆ ಮಾತ್ರೆ ಅರೆಯಲು ಕೂತಳು, ಕೈ ಓಡಲಿಲ್ಲ. ಕೊನೆಗೆ ಬಾಟಲಿಯನ್ನೆತ್ತಿ ಬೆಳಕಿಗೆ ಹಿಡಿದು ಮಗುಚಿದಳು. ದ್ರಾವಣ ಇಳಿದು ಬಂತು, ತಳದಲ್ಲಿ ಬಿಳಿಯ ಪದರವೊಂದು ಅಂಟಿಕೊಂಡೇ ಉಳಿಯಿತು. ಜೋರಾಗಿ ಅಲ್ಲಾಡಿಸಿದರೆ ಅರ್ಧ ಕರಗಿತು, ಅರ್ಧ ಹೆಪ್ಪುಹೆಪ್ಪಾಗಿ ತೇಲಿತು. ಪುಡಿ ಬೆರೆಸಲು ಈ ಸಲ ಬಂದಿದ್ದ ದ್ರಾವಣ ಹೊಸ ಕಂಪನಿಯದು, ಮೊದಲಿನದಕ್ಕಿಂತ ತೆಳು, ಪುಡಿ ತಳಕ್ಕೆ ಇಳಿದುಬಿಡುವಂಥದು. ಸುರಿಯುವಾಗಲೇ ಅನುಮಾನ ಬಂದಿತ್ತು. ಆ ಹೊತ್ತಿಗೆ ತಲೆಯಲ್ಲಿ ಹೆಸರಿಟ್ಟ ಸಂಕಟವೇ ತುಂಬಿಕೊಂಡಿದ್ದರಿಂದ ಕೈ ತಾನಾಗಿ ಮುಚ್ಚಳ ತಿರುಗಿಸಿಬಿಟ್ಟಿತ್ತು. ಮೇಲಿನದು ತೆಳ್ಳಗೆ, ಕೆಳಗಿನದು ಗಟ್ಟಿ. ಬಾಟಲಿ ಮುಗಿಯುತ್ತ ಬಂದಂತೆ ಕೂಸಿನ ಹೊಟ್ಟೆಗೆ ಹೋಗುವ ಔಷಧಿ ಹೆಚ್ಚುತ್ತಲೇ ಇರುತ್ತಿತ್ತು.

 ಅದು ತಿಳಿದೂ ಅವಳಿಗೆ ಒಂದು ಕೆಟ್ಟ ಯೋಚನೆ ಸುಳಿಯಿತು: ಸದ್ದಿಲ್ಲದೆ ಹೊಸದು ಮಾಡಿ ಕಳಿಸಿದರಾಯಿತು, ಬಾಟಲಿ ಸರಿಯಾಗೇ ಇತ್ತು ಎಂದರಾಯಿತು, ಓರಗಿತ್ತಿಯದೇ ಅತಿಯಾಯಿತು ಎಂದು ಜನ ಆಡಿಕೊಳ್ಳಲಿ. ಹಳೆಯದನ್ನು ತೊಳೆಯಲು ನಲ್ಲಿಯ ತನಕ ಹೋದಳು ಕೂಡ. ನಲ್ಲಿ ತಿರುಗಿಸಲಿಲ್ಲ.

ಉಳಿದಿದ್ದ ಹಳೆಯ ದ್ರಾವಣದಲ್ಲಿ ಹೊಸ ಸಿರಪ್ ಮಾಡಿ, ಎರಡು ಬಾಟಲಿಗಳನ್ನೂ ಹಿಡಿದು ಲಿಫ್ಟ್ ಹತ್ತಿದಳು. ಇಷ್ಟು ವರ್ಷ ಕೆಲಸ ಮಾಡಿದರೂ ಅವಳು ಐಸಿಯುವಿನ ಬಾಗಿಲಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಕೈ ತೊಳೆಸಿ, ಗೌನು ತೊಡಿಸಿ ಒಳಗೆ ಬಿಟ್ಟರು. ಗಾಜಿನ ಪೆಟ್ಟಿಗೆಯಲ್ಲಿ ಕೂಸು ಮಲಗಿತ್ತು, ಕಪ್ಪೆಯಂತೆ ಕಾಲು ಮಡಚಿಕೊಂಡು. ತಾನು ಅರೆದದ್ದೆಲ್ಲ ಹೋಗುತ್ತಿದ್ದುದು ಈ ಬಾಯಿಗೆ. ಪೆಟ್ಟಿಗೆಯ ಪಕ್ಕದ ಕಿಂಡಿಯಿಂದ ಓರಗಿತ್ತಿಯ ಕೈ ಒಳಗೆ ಹೋಗಿತ್ತು. ಅವಳ ಕಿರುಬೆರಳನ್ನು ಕೂಸು ಬಿಗಿಯಾಗಿ ಹಿಡಿದುಕೊಂಡಿತ್ತು. ಪುಡಿ ಅಕ್ಕನಿಗೆ ನಿಜವಾಗಿ ಹೊಟ್ಟೆ ಉರಿದದ್ದು ಆಗಲೇ. ಹೆಸರೂ ಬೇಡ, ಹೊಗಳಿಕೆಯೂ ಬೇಡ, ಆ ಬೆರಳು ತನ್ನದಾಗಬೇಕಿತ್ತು ಅನ್ನಿಸಿತು.

ಡಾಕ್ಟರಮ್ಮ ಯಾಕೆ ಬಂದಿರೆಂದು ಕೇಳಿದರು. ಪುಡಿ ಅಕ್ಕ ಎರಡು ಬಾಟಲಿಗಳನ್ನೂ ಮುಂದಿಟ್ಟು, "ತಪ್ಪು ನನ್ನದು ಮೇಡಂ. ಇವಳು ಹೇಳಿದಾಗ ನಾನು ಕಿವಿಗೆ ಹಾಕ್ಕೊಳ್ಲಿಲ್ಲ," ಎಂದಳು. ಡಾಕ್ಟರಮ್ಮ ಬೈದರು. ಬೈಯಬೇಕಾದ ಮಾತೇ ಆಗಿತ್ತು. ತೆಳು ದ್ರಾವಣವನ್ನು ಅಂದೇ ವಾಪಸು ಕಳಿಸಿದರು. ಕೂಸಿನ ಬಿಪಿ ಸಂಜೆಯ ಹೊತ್ತಿಗೆ ಸರಿಹೋಯಿತು.

ಬಸ್ಸಿನಲ್ಲಿ ಪುಡಿ ಅಕ್ಕ ತಾನಾಗೇ ಹೋಗಿ ಓರಗಿತ್ತಿಯ ಪಕ್ಕದಲ್ಲಿ ಕೂತಳು. 

"ನಂಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಕಣೆ," ಎಂದಳು.

"ಗೊತ್ತು. ಸಾರಿಗೆ ಉಪ್ಪಿಲ್ಲದ ದಿನವೇ ಗೊತ್ತಾಯ್ತು." ಓರಗಿತ್ತಿ ಕಿಟಕಿಯ ಕಡೆಯೇ ನೋಡುತ್ತಿದ್ದಳು. "ಉಳಿದ ಕೂಸುಗಳು ಮಾತ್ರ ತರಕಾರಿ ಅಂಗಡಿಯಲ್ಲಿ ಸಿಗ್ತಾವೆ ಅಕ್ಕ. ಉಳೀದೇ ಇದ್ದವನ್ನು ಬಟ್ಟೆ ಸುತ್ತಿ ಅಮ್ಮಂದಿರ ಕೈಗೆ ಕೊಡೋದೂ ನಾನೇ. ಅಂಥ ದಿನ ನಿಮ್ಮ ಕೋಣೆ ನೆನೆಸ್ಕೊಂಡು ನಂಗೂ ಹೊಟ್ಟೆ ಉರಿಯುತ್ತೆ."

ಪುಡಿ ಅಕ್ಕ ಓರಗಿತ್ತಿಯ ಮಡಿಲಲ್ಲಿದ್ದ ಚೀಲವನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಕೂಸು ಚೇತರಿಸಿಕೊಂಡು ಮನೆಗೆ ಹೋಯಿತು. ಆಮೇಲೆ ಹೊಸ ಸಿರಪ್ ಮಾಡಿದಾಗಲೆಲ್ಲ ಪುಡಿ ಅಕ್ಕ ತಾನೇ ಮೇಲೆ ತೆಗೆದುಕೊಂಡು ಹೋಗಿ, ಓರಗಿತ್ತಿಯ ಎದುರು ಬಾಟಲಿ ಮಗುಚಿ ತೋರಿಸಿ ಬರುತ್ತಿದ್ದಳು. ಹೊಟ್ಟೆಕಿಚ್ಚು ಆರಿಹೋಯಿತು ಎಂದರೆ ಸುಳ್ಳಾದೀತು. ಅತ್ತೆ ಬಾಯಿ ತೆರೆದಾಗಲೆಲ್ಲ ಸಣ್ಣಗೆ ಹೊಗೆಯಾಡುತ್ತಲೇ ಇತ್ತು.

ಎರಡು ವರ್ಷದ ಮೇಲೆ ಓರಗಿತ್ತಿಗೆ ಊರಾಚೆಯ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮೊದಲ ವಾರ ಮುಗಿಸಿ ಬಂದವಳು ಊಟಕ್ಕೆ ಕೂತು, ಅಲ್ಲಿಯ ಫಾರ್ಮಸಿಯವರು ತುಂಬಾ ಚೆನ್ನಾಗಿ ಕೆಲಸ ಮಾಡ್ತಾರೆ, ಕೇಳಿದ್ದನ್ನು ತಕ್ಷಣ ಮಾಡಿ ಕಳಿಸ್ತಾರೆ ಎಂದು ಹೊಗಳಿದಳು. ಪುಡಿ ಅಕ್ಕ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

"ಚೆನ್ನಾಗಿ ಅಂದ್ರೆ, ಯಾರಿಗಿಂತ ಚೆನ್ನಾಗಿ?" ಎಂದು ಕೇಳಿದಳು.